ಪ್ರಸಾದಕ್ಕೆ ಕೊಂಕು

ಹೋದ ವರ್ಷ ಮೈಸೂರಿನ ಒಂದು ಹೋಟೆಲಿನಲ್ಲಿ ಮಹಿಳಾ ಉದ್ಯಮಿಗಳ ಸಭೆ ಅಂತ ನಡೆಯಿತು. ನನ್ನನ್ನೂ ಕರೆದಿದ್ದರು. ಮೈಕು ಕೈಗೆ ಕೊಟ್ಟು, "ಮೇಡಂ, ನಿಮ್ಮ ಸಂಸ್ಥೆಯಲ್ಲಿ ಬದಲಾವಣೆ ಹೇಗೆ ತಂದಿರಿ, ಅದು ಉಳಿಯೋ ಹಾಗೆ ಹೇಗೆ ಮಾಡಿದಿರಿ, ಎರಡು ಮಾತು ಹೇಳಿ" ಅಂದರು. ನನಗೆ ನಗು ತಡೆಯೋಕಾಗಲಿಲ್ಲ. ಸಂಸ್ಥೆಯಂತೆ! "ಪಾಯಸ ತಳ ಹಿಡೀತು, ಅದರಿಂದ ಬದಲಾವಣೆ ಬಂತು" ಅಂತ ಹೇಳಿ ಕೂತುಬಿಟ್ಟೆ. ತಮಾಷೆ ಮಾಡಿದೆ ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ತಮಾಷೆ ಅಲ್ಲ ಕಣ್ರೀ. ಅಲ್ಲಿ ಹೇಳದೆ ಬಿಟ್ಟಿದ್ದನ್ನ ಇಲ್ಲಿ ಬರೀತಿದ್ದೀನಿ.

ನಮ್ಮದು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡಿ ಬಡಿಸಿ ಬರುವ ಕೆಲಸ. ಅಪ್ಪ ಶುರು ಮಾಡಿದ್ದು. ಪಾತ್ರೆಗಳ ಗೋಡೌನು ಮಂಡಿ ಮೊಹಲ್ಲಾದಲ್ಲಿದೆ. ಈ ಕಡೆ ಬೆಲ್ಲದ ಸಗಟು ಅಂಗಡಿ, ಆ ಕಡೆ ತಗಡು ಬಡಿಯೋರು, ಮಧ್ಯೆ ನಾವು. ನಮ್ಮ ಹಿಂದಿನವರು ಅರಮನೆಯ ಅಡುಗೆಮನೆಯಲ್ಲಿದ್ದರು ಅಂತ ಬಂದವರಿಗೆಲ್ಲ ಹೇಳಿಕೊಳ್ಳುವುದು ನಮ್ಮ ವಂಶದ ಚಟ. ಅಲ್ಲಿ ಏನು ಮಾಡುತ್ತಿದ್ದರು ಅಂತ ಮಾತ್ರ ಯಾರೂ ಹೇಳಲ್ಲ, ಕಾಯಿ ತುರೀತಿದ್ದರೋ ಏನೋ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದವಳು. ಆಡಳಿತ ಅಂದರೇನು, ಅದರ ಲಕ್ಷಣಗಳೇನು ಅಂತ ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿತ್ತು. ಅಪ್ಪ ಹೋದ ಮೇಲೆ ಅದನ್ನು ಬಿಟ್ಟು ಈ ಕೊಳಗ, ಕೊಪ್ಪರಿಗೆಗಳ ನಡುವೆ ಬಂದು ನಿಂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಅಮ್ಮ ಹೇಳುತ್ತಿದ್ದಳು. ಅಡುಗೆಯವರಿಗೆ ಅದು ಮೊದಲನೇ ವಾರದಲ್ಲೇ ಗೊತ್ತಾಯಿತು.

ಲೆಕ್ಕಪತ್ರ, ಗಿರಾಕಿ, ಮಾತುಕತೆ ಎಲ್ಲ ನನ್ನದು. ಒಲೆಯ ಮುಂದಿನ ರಾಜ್ಯ ಮಾತ್ರ ಚಿಕ್ಕಪ್ಪನದು. ಅಪ್ಪನ ಒಬ್ಬನೇ ತಮ್ಮ. ಮಕ್ಕಳಿಲ್ಲ, ಚಿಕ್ಕಮ್ಮ ತೀರಿಕೊಂಡು ಎಷ್ಟೋ ಕಾಲವಾಯಿತು. ಅಗ್ರಹಾರದ ವಠಾರದಲ್ಲಿ ಒಂದು ಸಣ್ಣ ಮನೆ, ಮಲಗೋಕೆ. ಬದುಕೆಲ್ಲ ಛತ್ರಗಳ ಅಡುಗೆಮನೆಯಲ್ಲೇ. ನಾನು ಲಂಗ ಹಾಕುತ್ತಿದ್ದ ಕಾಲದಿಂದ ನೋಡಿದ್ದೀನಿ, ಹೆಗಲ ಮೇಲೆ ಚೌಕ, ಸೊಂಟಕ್ಕೆ ಬಿಗಿದ ಪಂಚೆ, ಕೈಯಲ್ಲಿ ಉದ್ದನೆ ಸಟ್ಟುಗ. ಅಡುಗೆಮನೆಯವರೆಲ್ಲ ಅವರನ್ನ "ಮಾವ" ಅಂತಲೇ ಕರೆಯೋದು.

ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ನಮ್ಮ ಅಡುಗೆಮನೆಯಲ್ಲಿ ರುಚಿ ನೋಡುವ ಪದ್ಧತಿ ಇಲ್ಲ. ದೇವರ ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಎಂಜಲನ್ನ ದೇವರಿಗಿಡೋದೂ ಇಲ್ಲ, ಎಲೆಗೆ ಬಡಿಸೋದೂ ಇಲ್ಲ. ಪುರೋಹಿತರು ನೈವೇದ್ಯ ತೆಗೆದುಕೊಂಡು ಹೋಗುವ ಹೊತ್ತಿಗೆ ಬಡಿಸೋರು ಬಕೆಟ್ ಹಿಡಿದು ನಿಂತಿರುತ್ತಾರೆ, ಆಮೇಲೆ ನೋಡಿ ಏನು ಪ್ರಯೋಜನ? ಹಾಗಾಗಿ ಎಲ್ಲವೂ ವಾಸನೆಯ ಮೇಲೆ ನಡೆಯಬೇಕು. ಚಿಕ್ಕಪ್ಪ ಹುಳಿ ಕುದಿಯುವ ಕೊಪ್ಪರಿಗೆಯ ಮೇಲೆ ಬಗ್ಗಿ, ಅಂಗೈಯಿಂದ ಹಬೆಯನ್ನ ಮುಖದ ಕಡೆ ಎಳೆದುಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ ಉಪ್ಪು" ಅನ್ನುತ್ತಿದ್ದರು. ಹಾಕಿದರೆ ಸರಿಯಾಗಿಯೇ ಇರುತ್ತಿತ್ತು. ಉಪ್ಪಿಗೆ ಎಲ್ಲಿಯ ವಾಸನೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. "ಹುಳಿಗೆ ಉಪ್ಪು ಸೇರಿದ ಮೇಲೆ ಬೇಳೆ ವಾಸನೆ ಅಡಗುತ್ತೆ ಕಣೇ, ನಿನಗೆಲ್ಲಿ ತಿಳೀಬೇಕು" ಅಂದಿದ್ದರು. ಒಪ್ಪಿಕೊಂಡಿದ್ದೆ. ಊರೇ ಒಪ್ಪಿಕೊಂಡಿತ್ತು.

ಇನ್ನು ಆ ಮದುವೆ. ಒಳ್ಳೆಯ ಮನೆತನ, ಅಪ್ಪನ ಕಾಲದಿಂದ ನಮ್ಮ ಗಿರಾಕಿಗಳು. ಶ್ಯಾವಿಗೆ ಪಾಯಸ. ನಮ್ಮಲ್ಲಿ ಎಲೆಯ ತುದಿಗೆ ಮೊದಲು ಬೀಳೋದೇ ಪಾಯಸ, ಜನ ಮೊದಲು ನಾಲಿಗೆಗೆ ಹಚ್ಚಿಕೊಳ್ಳೋದೂ ಅದನ್ನೇ. ನಾನು ಪಂಕ್ತಿಯ ತುದಿಯಲ್ಲಿ ಹುಡುಗಿಯ ತಾಯಿಯ ಜೊತೆ ನಿಂತಿದ್ದೆ. ಪಾಯಸದ ಬಕೆಟ್ ನನ್ನ ಮುಂದೆ ಹಾದುಹೋಯಿತು ನೋಡಿ, ಸೀದ ವಾಸನೆ ಮೂಗಿಗೆ ಬಡಿಯಿತು. ಹಾಲು ತಳ ಹಿಡಿದ ವಾಸನೆ ಅಂದರೆ ಸಾಮಾನ್ಯದ್ದಾ? ಹೊದ್ದುಕೊಂಡು ಮಲಗಿದವರನ್ನೂ ಎಬ್ಬಿಸುತ್ತೆ. ಬೀಗರ ಕಡೆಯ ಹಿರಿಯರೊಬ್ಬರು ಎಲೆಯಿಂದ ಬೆರಳೆತ್ತಿ, "ಏನಮ್ಮಾ, ಪಾಯಸಕ್ಕೂ ಹೊಗೆ ಹಾಕ್ಸಿದ್ದೀರಲ್ಲ, ಸೊಳ್ಳೆ ಕಾಟವೇನೋ?" ಅಂದರು. ಇಡೀ ಸಾಲು ನಕ್ಕಿತು. ಹುಡುಗಿಯ ತಾಯಿ ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಸೆರಗು ಸರಿ ಮಾಡಿಕೊಂಡು ಆ ಕಡೆ ಹೋದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ.

ಅಡುಗೆಮನೆಗೆ ನುಗ್ಗಿದೆ. ಚಿಕ್ಕಪ್ಪ ಹಿಂದಿನ ಅಂಗಳದಲ್ಲಿ ಕೈಕಾಲು ತೊಳೆಯೋಕೆ ಹೋಗಿದ್ದರು. ಒಳಗೆ ಎರಡನೇ ಅಡುಗೆಯವನು ಇದ್ದ. ನಂಜನಗೂಡಿನ ಕಡೆಯವನು, ಹತ್ತಾರು ವರ್ಷದಿಂದ ಚಿಕ್ಕಪ್ಪನ ಬಲಗೈ, ಒಳ್ಳೆಯ ಕೆಲಸಗಾರ, ಮಾತು ಮಾತ್ರ ಕಡಿಮೆ. ಬಡಿಸೋರು ಒಂದಿಬ್ಬರಿದ್ದರು. ಹಿಂಬಾಗಿಲ ಹೊಸಿಲಾಚೆ ಈಳಿಗೆ ಮಣೆ ಹಾಕಿಕೊಂಡು ಕೂತಿದ್ದಳು ನಮ್ಮ ತರಕಾರಿಯಮ್ಮ. ಟಿ. ನರಸೀಪುರದ ರಸ್ತೆಯ ಒಂದು ಹಳ್ಳಿಯವಳು, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಗುಡ್ಡೆಗಟ್ಟಲೆ ಕುಂಬಳ, ಬೀನ್ಸು ಹೆಚ್ಚಿ ಹಾಕುವಾಕೆ.

"ಯಾರಿಗೂ ಮೂಗಿಲ್ವೇನ್ರೋ ಇಲ್ಲಿ? ಸೀದು ಹೋದ ಪಾಯಸಾನ ಎಲೆಗೆ ಹೇಗ್ರೋ ಕಳಿಸಿದ್ರಿ?" ಅಂತ ಕೂಗಿದೆ.

ಎಲ್ಲರೂ ನೆಲ ನೋಡಿದರು. ಕೊನೆಗೆ ಎರಡನೆಯವನು, "ವಾಸನೆ ಬಂತಮ್ಮ" ಅಂದ.

"ಬಂದಿದ್ರೆ?"

"ಮಾವ ಹಬೆ ನೋಡಿ ಸರಿ ಇದೆ, ಇಳಿಸು ಅಂದ್ರು. ಇಳಿಸಿದ್ವಿ."

ಅಷ್ಟೇ! ಇಡೀ ಅಡುಗೆಮನೆಗೆ ಸೀದ ವಾಸನೆ ಬಂದಿದೆ. ಅಷ್ಟು ಜನರಲ್ಲಿ ಒಬ್ಬನ ಬಾಯೂ ತೆರೆದಿಲ್ಲ. ದೊಡ್ಡವರು ಸರಿ ಅಂದ ಮೇಲೆ ಸರಿ. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಅಂಗಳಕ್ಕೆ ಹೋಗಿ ಚಿಕ್ಕಪ್ಪನನ್ನ ಕೇಳಿದರೆ ಅವರು ಟವೆಲಿನಲ್ಲಿ ಮುಖ ಒರೆಸುತ್ತಲೇ, "ಗ್ಯಾಸಿನ ಒಲೆ ಕಣೇ, ಉರಿ ಜಾಸ್ತಿ ಕೊಡುತ್ತೆ. ಸೌದೆ ಒಲೆಯಲ್ಲಿ ಹೀಗಾಗ್ತಿರಲಿಲ್ಲ" ಅಂದರು. ಮುಖ ಒರೆಸೋದು ಮುಗಿಯಲೇ ಇಲ್ಲ. ಟವೆಲು ಇಳಿಸಲೂ ಇಲ್ಲ.

ಆಗ ನನ್ನೊಳಗಿನ ಲೆಕ್ಚರರ್ ಎದ್ದಳು. ಇದು ವ್ಯವಸ್ಥೆಯ ತೊಂದರೆ, ವ್ಯವಸ್ಥೆ ಬದಲಾಯಿಸಬೇಕು ಅಂತ ತೀರ್ಮಾನ ಮಾಡಿದೆ. ಒಂದು ತರಬೇತಿ ಶಿಬಿರಕ್ಕೂ ಹೋಗಿ ಬಂದೆ. ಟೈ ಕಟ್ಟಿದ ಒಬ್ಬ ಹುಡುಗ ಪರದೆಯ ಮೇಲೆ ಬಾಣದ ಗುರುತುಗಳನ್ನ ಓಡಿಸಿ, ಮೊದಲು ಸಿಬ್ಬಂದಿಗೆ ತುರ್ತು ಮನವರಿಕೆ ಮಾಡಿಕೊಡಿ, ಆಮೇಲೆ ನಿಯಮ ಮಾಡಿ, ಕಣ್ಣಿಗೆ ಕಾಣುವ ಕಡೆ ಹಾಕಿ ಅಂದ. ಸರಿ ಅಂತ ದೊಡ್ಡ ಚಾರ್ಟು ಬರೆಸಿ, ಲ್ಯಾಮಿನೇಟ್ ಮಾಡಿಸಿದೆ. ಪ್ರತಿ ಪದಾರ್ಥವನ್ನೂ ಇಳಿಸುವ ಮುಂಚೆ ಒಬ್ಬರು ಚಮಚದಲ್ಲಿ ರುಚಿ ನೋಡತಕ್ಕದ್ದು, ಸಹಿ ಹಾಕತಕ್ಕದ್ದು. ಚಿಕ್ಕಪ್ಪ ಅದನ್ನ ಓದಿದರು. ಮಧ್ಯಾಹ್ನ ನನ್ನ ಪಕ್ಕ ಬಂದು ನಿಂತು, "ನಿಮ್ಮಪ್ಪ ಇದ್ದಿದ್ರೆ ಎಂಜಲು ಮಾಡಿ ಬಡಿಸಿ ಅಂತ ಗೋಡೆ ಮೇಲೆ ಬರೆಸ್ತಿದ್ನಾ?" ಅಂತ ಕೇಳಿ ಹೋದರು. ಉಳಿದವರು "ಆಯ್ತಮ್ಮ, ಆಯ್ತಮ್ಮ" ಅಂದರು. ನಮ್ಮ ಕಡೆ ಎರಡು ಸಲ ಆಯ್ತು ಅಂದರೆ ಆಗಲ್ಲ ಅಂತ ಅರ್ಥ. ಮುಂದಿನ ಮದುವೆಯ ಹೊತ್ತಿಗೆ ನನ್ನ ಚಾರ್ಟು ಕೋಸಂಬರಿಗೆ ಹೆಚ್ಚಿದ ಸೌತೆಕಾಯಿ ಬೇಸಿನ್ನಿನ ಮೇಲೆ ಮುಚ್ಚಳವಾಗಿತ್ತು. ಅದಕ್ಕೆ ಚೆನ್ನಾಗಿಯೇ ಹೊಂದಿತ್ತು, ನೊಣ ಬರಲಿಲ್ಲ.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಎಂಜಲು ತಾನೇ ಅಡ್ಡಿ? ಹಾಗಾದರೆ ನೈವೇದ್ಯವನ್ನೇ ಮುಂದಕ್ಕೆ ತಂದರೆ? ಅಡುಗೆಮನೆಯ ಮೂಲೆಯಲ್ಲೇ ಒಂದು ಸ್ಟೂಲು, ದೇವರ ಪಟ, ದೀಪ, ಗಂಟೆ. ಒಂದೊಂದು ಪದಾರ್ಥ ಇಳಿಯುತ್ತಿದ್ದ ಹಾಗೇ ಒಂದು ಬಟ್ಟಲಿಗೆ ತೆಗೆದು ಅಲ್ಲೇ ನೈವೇದ್ಯ. ಆಮೇಲೆ ಅದು ಪ್ರಸಾದ. ಪ್ರಸಾದವನ್ನ ಎಲ್ಲರೂ ಒಂದೊಂದು ಚೂರು ತೆಗೆದುಕೊಳ್ಳಲಿ. ರುಚಿ ನೋಡಿದ ಹಾಗೂ ಆಯಿತು, ಮಡಿಯೂ ಉಳಿಯಿತು. ಹೇಗಿದೆ ಉಪಾಯ! ಚಿಕ್ಕಪ್ಪನಿಗೆ ಹೇಳಿದರೆ ಎದುರಾಡೋಕೆ ಏನೂ ಸಿಗಲಿಲ್ಲ. "ದೇವರಿಗೆ ಬಿಸಿಬಿಸಿ ಸಿಕ್ಕುತ್ತೆ, ಒಳ್ಳೇದೇ" ಅಂದರು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊಸ ಪದ್ಧತಿಯನ್ನ ಎಲ್ಲರೂ ಶ್ರದ್ಧೆಯಿಂದ ಮಾಡಿದರು. ಗಂಟೆ ಬಾರಿಸಿದರು. ಪ್ರಸಾದವನ್ನ ಅಂಗೈಗೆ ಹಾಕಿಸಿಕೊಂಡು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಕೊನೆಯ ಪಂಕ್ತಿ ಏಳುವವರೆಗೂ ಬಾಯಿಗೆ ಏನೂ ಹಾಕದ ಚಿಕ್ಕಪ್ಪ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ, ಅದು ಅವರ ಹಳೆಯ ನೇಮ. "ಹೇಗಿದೆ?" ಅಂತ ಕೇಳಿದರೆ "ಭೇಷಾಗಿದೆಯಮ್ಮ" ಅಂದರು. ಪ್ರತಿ ಸಲವೂ ಭೇಷು. ನಮ್ಮ ಅಡುಗೆಮನೆ ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ ಅಂತ ನಾನೂ ನಂಬಿದೆ.

ಗೋಕುಲಂನ ಒಂದು ಗೃಹಪ್ರವೇಶದ ದಿನ ಆ ಭೇಷಿನ ನಿಜ ಗೊತ್ತಾಯಿತು. ಮನೆಯವರು ಮಹಡಿಯನ್ನ ಯೋಗ ಕಲಿಯೋಕೆ ಬರುವ ವಿದೇಶದವರಿಗೆ ಬಾಡಿಗೆಗೆ ಕೊಡೋಕೆ ಕಟ್ಟಿಸಿದ್ದರು. ಬರಬೇಕಾದ ಬಾಡಿಗೆದಾರಳೂ ಊಟಕ್ಕೆ ಬಂದಿದ್ದಳು. ಪಂಕ್ತಿಯಲ್ಲಿ ಅವಳಷ್ಟು ನೆಟ್ಟಗೆ ಪದ್ಮಾಸನ ಹಾಕಿ ಕೂತವರು ಇನ್ನೊಬ್ಬರಿಲ್ಲ. ಸಾರು ಬಂತು. ಅನ್ನಕ್ಕೆ ಕಲಸಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪು ಅಂದರೆ ಉಪ್ಪು, ಸಮುದ್ರದ ನೀರು. ಎರಡನೆಯವನೂ ಹಾಕಿದ್ದ, ಚಿಕ್ಕಪ್ಪನೂ ಹಾಕಿದ್ದರು. ಆ ಹುಡುಗಿ ಲೋಟದ ಮೇಲೆ ಲೋಟ ನೀರು ಕುಡಿದಳು. ನಾನು ಮುಂದೆ ಹೋಗಿ ನಿಂತರೆ ನಕ್ಕು, ಕಲಿತ ಕನ್ನಡದಲ್ಲಿ, "ತುಂಬಾ ಚೆನ್ನಾಗಿದೆ" ಅಂದಳು. ನೋಡಿ, ಬಂದ ತಿಂಗಳಲ್ಲೇ ಆ ಮಾತನ್ನ ಅವಳಿಗೂ ಕಲಿಸಿಬಿಟ್ಟಿದ್ದಾರೆ ನಮ್ಮ ಜನ.

ಎರಡನೆಯವನನ್ನ ಮೂಲೆಗೆ ಕರೆದೆ. "ಪ್ರಸಾದ ತಗೊಂಡೆಯಲ್ಲಪ್ಪ, ಉಪ್ಪು ಜಾಸ್ತಿ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತಮ್ಮ."

"ಮತ್ಯಾಕೆ ಭೇಷಾಗಿದೆ ಅಂದೆ?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಪ್ರಸಾದ ಅಲ್ವೇನಮ್ಮ? ಪ್ರಸಾದಕ್ಕೆ ಯಾರಾದ್ರೂ ಕೊಂಕು ತೆಗೀತಾರಾ?"

ಅವನದು ತಪ್ಪೇ ಅಲ್ಲ. ದೇವಸ್ಥಾನದಲ್ಲಿ ಪುಳಿಯೋಗರೆ ಕೈಗೆ ಹಾಕಿದರೆ ಉಪ್ಪು ಕಡಿಮೆ ಅಂತ ಅರ್ಚಕರಿಗೆ ನಾನಾದರೂ ಹೇಳುತ್ತೀನಾ? ಎಂಜಲಿನಿಂದ ತಪ್ಪಿಸಿಕೊಳ್ಳೋಕೆ ಹೋಗಿ ಪ್ರಸಾದದೊಳಗೆ ಬಿದ್ದಿದ್ದೆ. ಬಾಯಿ ಬಿಡಿಸಬೇಕು ಅಂತ ಮಾಡಿದ ಪದ್ಧತಿಯೇ ಬಾಯಿಗೆ ಬೀಗ ಹಾಕಿತ್ತು.

ಅವತ್ತು ಪಾತ್ರೆ ತುಂಬಿದ ಟೆಂಪೋ ಮಂಡಿ ಮೊಹಲ್ಲಾಕ್ಕೆ ಹೊರಟಿತು. ನಾನು ಆಟೋ ಹಿಡಿದೆ. ತರಕಾರಿಯಮ್ಮನನ್ನ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಬಾ ಅಂತ ಹತ್ತಿಸಿಕೊಂಡೆ. ದಾರಿಯುದ್ದಕ್ಕೂ ಬೈದುಕೊಳ್ಳುತ್ತಲೇ ಇದ್ದೆ, ಅಡುಗೆಯವರನ್ನ, ನನ್ನ ಹಣೆಬರಹವನ್ನ, ಟೈ ಕಟ್ಟಿದ ಆ ಹುಡುಗನನ್ನ. ಆಕೆ ಎಲೆಅಡಿಕೆ ಅಗಿಯುತ್ತಾ ಕೇಳಿಸಿಕೊಂಡಳು. ಕೊನೆಗೆ, "ಅವ್ರುನ್ಯಾಕ್ ಬೈತೀರಿ ಬುಡಿ ಅಮ್ಮಾರೇ" ಅಂದಳು. "ಅಯ್ನೋರ್ಗೆ ವಾಸ್ನೆನೇ ತಿಳಿಯಾಕಿಲ್ಲ. ಆ ಕೊರೊನಾ ಜ್ವರ ಬಂದ್ ಓಯ್ತಲ್ಲ, ಆವಾಗ್ಲಿಂದ್ಲೂವೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗೋದು ಬೇಡವಾಗಿತ್ತೋ ಏನೋ. "ಯಾರಿಗೆ? ಚಿಕ್ಕಪ್ಪನಿಗಾ? ನಿನಗೆ ಹೇಗೆ ಗೊತ್ತು?"

"ನನ್ಗೊಬ್ಳಿಗಾ? ಎಲ್ರಿಗೂ ಗೊತ್ತು ಕಣಮ್ಮ. ಒಗ್ಗರಣೆ ಸೀದ್ರೂ ಅಂಗೇ ನಿಂತಿರ್ತಾರೆ. ನಿಮ್ಗೆ ಯೋಳುದ್ರೆ ಅವ್ರ್ನ ಮನೆಗ್ ಕಳ್ಸ್ಬುಡ್ತೀರಿ ಅಂತ ಯಾರೂ ಯೋಳ್ನಿಲ್ಲ. ಕಳ್ಸುದ್ರೆ ಅವ್ರು ಎಂಗ್ ಬದ್ಕ್ಯಾರು?"

ಬಸ್ ಸ್ಟ್ಯಾಂಡ್ ಬಂತು, ಇಳಿದು ಹೋದಳು. ನನಗೆ ಮೊದಲು ಬಂದದ್ದು ಕೋಪ. ನನ್ನನ್ನ ಏನಂದುಕೊಂಡಿದ್ದಾರೆ ಇವರೆಲ್ಲ? ಸ್ವಂತ ಚಿಕ್ಕಪ್ಪನನ್ನ ಬೀದಿಗೆ ತಳ್ಳೋಳು ಅಂತಲಾ? ಆಟೋ ಎರಡು ಸಿಗ್ನಲ್ ದಾಟುವಷ್ಟರಲ್ಲಿ ಆ ಕೋಪ ಇಳಿಯಿತು, ಅಳು ಬಂತು. ಹಬೆ ಎಳೆದುಕೊಂಡು ಕಣ್ಣು ಮುಚ್ಚಿ ನಿಲ್ಲುವ ಆ ಮನುಷ್ಯನಿಗೆ ಆ ಹಬೆಯಲ್ಲಿ ಬಿಸಿ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ. ಅವರು ನಟಿಸುತ್ತಿದ್ದರು, ಉಳಿದವರು ಆ ನಟನೆ ಕಾಯುತ್ತಿದ್ದರು. ನಾನು ಗೋಡೆಗೆ ಚಾರ್ಟು ಹೊಡೆಯುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆಯೇ ಅಗ್ರಹಾರದ ವಠಾರಕ್ಕೆ ಹೋದೆ. ಚಿಕ್ಕಪ್ಪ ಬಾಗಿಲು ತೆಗೆದವರೇ, "ಬಾರೇ, ಕಾಫಿ ಮಾಡ್ತೀನಿ" ಅಂತ ಒಳಗೆ ಹೋದರು. ಡಿಕಾಕ್ಷನ್ ಇಳಿಸಿ, ಹಾಲು ಉಕ್ಕುವವರೆಗೂ ಕಣ್ಣು ತೆಗೆಯದೆ ನೋಡುತ್ತಾ ನಿಂತರು. ಮೊದಲೆಲ್ಲ ಹಾಗೆ ನೋಡುತ್ತಿರಲಿಲ್ಲ, ಇನ್ನೊಂದು ರೂಮಿನಲ್ಲಿ ಪೇಪರ್ ಓದುತ್ತಾ, "ಹಾಲು ಕಾದಿದೆ ನೋಡೇ" ಅಂತ ಕೂತಲ್ಲಿಂದಲೇ ಹೇಳುತ್ತಿದ್ದರು. ಕಾಫಿ ಕೈಗೆ ಕೊಟ್ಟರು. ತಾವು ಮಾತ್ರ ಬಿಸಿನೀರು ಹಾಕಿಕೊಂಡರು.

"ನೀವು ಕುಡಿಯಲ್ವಾ?"

"ಬಿಟ್ಟುಬಿಟ್ಟೆ."

ಕಾಫಿ ಬಿಡೋದಾ, ಚಿಕ್ಕಪ್ಪನಾ? ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ನಂಗೆ ಗೊತ್ತಾಯ್ತು" ಅಂದುಬಿಟ್ಟೆ.

ಏನು ಅಂತ ಕೇಳಲಿಲ್ಲ ಅವರು. ಲೋಟ ಕೆಳಗಿಟ್ಟು, ಪಂಚೆಯ ಅಂಚು ಎಳೆದು ಸರಿ ಮಾಡಿಕೊಂಡರು. "ಕುಡಿದ್ರೆ ಕಹಿ, ಅಷ್ಟೇ ಕಣೇ. ಕಾಫಿ ಅಂತ ಗೊತ್ತಾಗಲ್ಲ. ಡಾಕ್ಟರು ಬರುತ್ತೆ ಅಂದ್ರು, ಕಾದೆ. ಬರಲಿಲ್ಲ." ಲೋಟವನ್ನ ಆ ಕಡೆ ಸರಿಸಿ, "ನಾಳೆಯಿಂದ ಬರ್ಬೇಡಿ ಅಂತ ಹೇಳೋಕೆ ಬಂದ್ಯಾ?" ಅಂದರು.

"ಅಲ್ಲ."

"ಮೂಗಿಲ್ಲದ ಅಡುಗೆಯವನನ್ನ ಇಟ್ಟುಕೊಂಡು ಏನು ಮಾಡ್ತೀಯೆ? ನಾನು ಯಜಮಾನ ಆಗಿದ್ರೆ ಕಳಿಸ್ತಿದ್ದೆ."

"ನೀವು ಯಜಮಾನ ಅಲ್ಲವಲ್ಲ. ನಿಮ್ಮ ಜಾಗ ಒಲೆ ಮುಂದೆ. ಮೂಗಿದ್ರೂ ಅಲ್ಲೇ, ಇಲ್ಲದಿದ್ರೂ ಅಲ್ಲೇ. ಅದನ್ನ ಯಾರೂ ಕಿತ್ಕೊಳ್ಳಲ್ಲ. ಆದ್ರೆ ಗೊತ್ತಾಗದಿದ್ದಾಗ ಪಕ್ಕದವನನ್ನ ಕೇಳಿ."

"ಕೇಳೋದಾ? ನಾನಾ?" ಅಂದರು. ಮುಖ ಕೆಂಪಾಯಿತು. "ನಾನು ಅ ಆ ಇ ಈ ಕಲಿಸಿದ ಹುಡುಗರನ್ನ ಉಪ್ಪು ಸರಿಯಾಗಿದ್ಯಾ ಅಂತ ಕೇಳೋದಾ?"

"ಕೇಳಿದ್ರೆ ಏನು, ಕಿರೀಟ ಬಿದ್ಹೋಗುತ್ತಾ? ಅವರಿಗೆಲ್ಲ ಗೊತ್ತು ಚಿಕ್ಕಪ್ಪ! ನಿಮ್ಮ ಮಾನ ಕಾಯೋಕೆ ಅಂತ ಸೀದ ಪಾಯಸಾನ ಬಡಿಸಿ ನಮ್ಮೆಲ್ಲರ ಮಾನ ಕಳೀತಿದ್ದಾರೆ!"

ಜೋರಾಗಿಯೇ ಅಂದೆ. ವಠಾರದಲ್ಲಿ ಒಂದೆರಡು ಬಾಗಿಲು ತೆರೆದ ಸದ್ದಾಯಿತು. ಎಲ್ಲರಿಗೂ ಗೊತ್ತಿದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ ಅಂತ ಅವರ ಮುಖ ನೋಡಿದಾಗ ತಿಳಿಯಿತು. ಎದ್ದು ಗೋಡೆ ಕಡೆ ತಿರುಗಿ ನಿಂತರು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟೆ. ಬರುವ ಮದುವೆಗೆ ಬರುತ್ತಾರೋ ಇಲ್ಲವೋ ಅನ್ನುವ ಭಯದಲ್ಲೇ ಆ ವಾರ ಕಳೆಯಿತು.

ಬಂದರು. ಎಂದಿನ ಹಾಗೇ ಎಲ್ಲರಿಗಿಂತ ಮುಂಚೆ ಬಂದು, ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಕೆಲಸ ಶುರು ಮಾಡಿದರು. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಕುಂಬಳಕಾಯಿ ಹುಳಿ ಇಳಿಯಿತು. ಬಟ್ಟಲಿಗೆ ತೆಗೆದರು, ಗಂಟೆ ಬಾರಿಸಿದರು, ನೈವೇದ್ಯವಾಯಿತು. ಎಲ್ಲರ ಕೈಗೂ ತಾವೇ ಒಂದೊಂದು ಚಮಚ ಹಾಕಿದರು. ಎರಡನೆಯವನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

"ಏನು ಕಮ್ಮಿ?" ಅಂತ ಕೇಳಿದರು ಚಿಕ್ಕಪ್ಪ.

"ಭೇಷಾಗಿದೆ ಮಾವ."

"ಹೇಗಿದೆ ಅಂತ ಕೇಳಲಿಲ್ಲ ನಾನು. ಏನು ಕಮ್ಮಿ ಅಂತ ಕೇಳ್ದೆ."

ಚಿಕ್ಕಪ್ಪ ಹೆಗಲ ಮೇಲಿನ ಚೌಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೋಡ್ರಪ್ಪ, ನನಗೆ ಮೂಗಿಲ್ಲ. ಹೋಗಿದೆ. ನಿಮಗೆಲ್ಲ ಗೊತ್ತಂತೆ, ನನ್ನ ಬಾಯಿಂದಲೇ ಕೇಳಿಸಿಕೊಳ್ಳಿ. ಹಬೆ ಹಿಡಿದು ನಿಲ್ತೀನಲ್ಲ, ಏನೂ ತಿಳಿಯಲ್ಲ ನನಗೆ. ಭೇಷಾಗಿದೆ ಅಂತ ನೀವು ಹೇಳಿದ್ರೆ ನನ್ನ ಕಣ್ಣಿಗೆ ಮಣ್ಣೆರಚಿದ ಹಾಗೆ. ಇವತ್ತಿನಿಂದ ನನ್ನ ಮೂಗು ನೀವೇ. ಏನು ಕಮ್ಮಿ ಹೇಳಿ."

ಒಬ್ಬರೂ ಉಸಿರೆತ್ತಲಿಲ್ಲ. ಚಿಕ್ಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಬಟ್ಟಲು ಹಿಡಿದುಕೊಂಡು ಹಿಂಬಾಗಿಲಿಗೆ ಹೋದರು. ಹೊಸಿಲಾಚೆ ಕೂತ ತರಕಾರಿಯಮ್ಮ ಅವರು ಬಂದದ್ದು ಕಂಡು ಗಾಬರಿಯಿಂದ ಎದ್ದಳು. ಒಲೆಯ ಅಡುಗೆಯ ಬಗ್ಗೆ ಅವಳನ್ನ ಕೇಳಿದವರು ನಮ್ಮಲ್ಲಿ ಅಪ್ಪನ ಕಾಲದಿಂದಲೂ ಯಾರೂ ಇಲ್ಲ. ಅವಳ ಅಂಗೈಗೆ ಪ್ರಸಾದ ಹಾಕಿ, "ನೀನು ಹೇಳಮ್ಮ. ಏನು ಕಮ್ಮಿ?" ಅಂದರು.

ಅವಳು ಬಾಯಿಗೆ ಹಾಕಿಕೊಂಡಳು. ನನ್ನನ್ನ ನೋಡಿದಳು. ಎರಡನೆಯವನನ್ನ ನೋಡಿದಳು. "ಉಪ್ಪು ಒಸಿ ಸಾಲ್ದು ಅಯ್ನೋರೇ" ಅಂದಳು. ಹೇಳಿದವಳೇ ಕೆನ್ನೆ ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ಸ್ವಾಮಿ" ಅಂತ ದೇವರ ಪಟದ ಕಡೆ ಕೈ ಮುಗಿದಳು.

ಚಿಕ್ಕಪ್ಪ ಎರಡನೆಯವನ ಕಡೆ ತಿರುಗಿದರು. "ಹೌದೇನೋ?"

"ಹೌದು ಮಾವ." ಅವನು ಉಪ್ಪಿನ ಡಬ್ಬಿ ಹತ್ತಿರಕ್ಕೆ ತಂದಿಟ್ಟ. "ಒಂದು ಹಿಡಿ ಬೇಕು."

ಚಿಕ್ಕಪ್ಪ ಬಂದು ತಾವೇ ಒಂದು ಹಿಡಿ ಉಪ್ಪು ಹಾಕಿ ಸಟ್ಟುಗದಿಂದ ತಿರುವಿದರು. ನಾನು ಹೊರಗೆ ಹೋಗಿ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡು ಬಂದೆ. ಹುಳಿ ಅವತ್ತು ಕೊಪ್ಪರಿಗೆ ಬಳಿದರೂ ಸಾಲಲಿಲ್ಲ.

ಅವತ್ತಿನಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಹಳೇ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತಾ? ಮೊದಮೊದಲು ಎಲ್ಲರೂ ಕೇಳಿದ ಮೇಲೆ ಹೇಳಬೇಕಲ್ಲ ಅಂತ "ಕೊತ್ತಂಬರಿ ಸೊಪ್ಪು ಕಮ್ಮಿ" ಅನ್ನೋರು. ಕೊತ್ತಂಬರಿ ಸೊಪ್ಪಿಗೆ ಯಾರೂ ಬೇಜಾರು ಮಾಡಿಕೊಳ್ಳಲ್ಲ ನೋಡಿ. ಸಿಹಿ ಮಾಡೋಕೆ ಬರುತ್ತಿದ್ದವನೊಬ್ಬ, ತರಕಾರಿ ಹೆಚ್ಚೋಳ ಹತ್ತಿರ ನನ್ನ ಕೈರುಚಿಗೆ ಮಾತು ಕೇಳಬೇಕಾ ಅಂತ ಸಿಡುಕಿ ಬೇರೆ ಕಾಂಟ್ರ್ಯಾಕ್ಟರ್ ಹತ್ತಿರ ಹೋದ. ಹೋಗಲಿ ಅಂತ ಬಿಟ್ಟೆ. ಒಂದು ಮದುವೆಯ ಮನೆಯ ಅಜ್ಜಿ ಅಡುಗೆಮನೆಗೆ ಇಣುಕಿ, "ಇದೇನ್ರೀ, ಪ್ರಸಾದ ತಿಂದು ಬೈತೀರಿ?" ಅಂತ ಹೌಹಾರಿದರು. ಅವರಿಗೆ ಚಿಕ್ಕಪ್ಪನೇ ಉತ್ತರ ಕೊಟ್ಟರು. "ದೇವರು ಬಾಯಿಬಿಟ್ಟು ಹೇಳಲ್ಲವಲ್ಲ ತಾಯಿ, ಅವನ ಪರವಾಗಿ ಇವರು ಹೇಳ್ತಾರೆ."

ನಾನು ಮಾಡಿದ್ದು ಇಷ್ಟೇ. ಕಮ್ಮಿ ಹೇಳಿದವರ ಮೇಲೆ ಯಾರೂ ರೇಗಬಾರದು, ಮುಖ್ಯವಾಗಿ ನಾನು ರೇಗಬಾರದು. ಅದು ನನಗೆ ಎಷ್ಟು ಕಷ್ಟವಾಯಿತು ಅಂತ ಆ ದೇವರಿಗೇ ಗೊತ್ತು. ಒಂದು ದಿನ ಧೈರ್ಯ ಮಾಡಿ, ಊಟ ಮುಗಿದು ಎಲ್ಲರೂ ಕೂತಿದ್ದಾಗ, "ನನ್ನಲ್ಲೇನು ಕಮ್ಮಿ?" ಅಂತ ಕೇಳಿದೆ. ತರಕಾರಿಯಮ್ಮ, "ಕಮ್ಮಿ ಏನೂ ಇಲ್ಲ ಕಣಮ್ಮ, ಕೂಗಾಟ ಒಸಿ ಜಾಸ್ತಿ" ಅಂದಳು. ಎಲ್ಲರೂ ನಕ್ಕರು. ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಸದ್ಯ, ಯಾರಿಗೂ ಕೆನ್ನೆ ಬಡಿದುಕೊಳ್ಳಬೇಕು ಅನ್ನಿಸಲಿಲ್ಲ.

ಈ ವರ್ಷದ ಒಂದು ಮದುವೆಯ ವಿಷಯ ಹೇಳಿ ಮುಗಿಸುತ್ತೀನಿ. ಮತ್ತೆ ಶ್ಯಾವಿಗೆ ಪಾಯಸ. ದೊಡ್ಡ ಕೊಪ್ಪರಿಗೆ, ಚಿಕ್ಕಪ್ಪ ಸಟ್ಟುಗ ಹಿಡಿದು ಕೈಯಾಡಿಸುತ್ತಿದ್ದರು. ಯಾರೋ ಹಳೇ ಪರಿಚಯದವರು ಬಂದು ಮಾತಿಗೆಳೆದರು. ಕೈ ನಿಧಾನವಾಯಿತು. ಎರಡನೆಯವನು ಆಚೆ ಮೂಲೆಯಲ್ಲಿ ಹಪ್ಪಳ ಕರಿಯುತ್ತಿದ್ದ, ಬೆನ್ನು ಈ ಕಡೆಗೆ. ಅಲ್ಲಿಂದಲೇ, ತಿರುಗಿಯೂ ನೋಡದೆ, ಒಂದು ಕೂಗು ಹಾಕಿದ ನೋಡಿ!

"ಮಾವಾ! ತಳ ಹಿಡೀತಿದೆ, ಕೈಯಾಡ್ಸಿ! ಹರಟೆ ಆಮೇಲೆ ಹೊಡೀರಂತೆ!"

ಅಡುಗೆಮನೆ ಕಲ್ಲಾಯಿತು. ಕೂಗಿದವನೂ ಜಾಲರಿ ಸೌಟು ಹಿಡಿದು ಹಾಗೇ ನಿಂತ. ತಾನು ಯಾರ ಮೇಲೆ ಕೂಗಿದೆ ಅಂತ ಆಗ ತಿಳಿದಿತ್ತು ಅವನಿಗೆ. ಚಿಕ್ಕಪ್ಪ ಉರಿ ತಗ್ಗಿಸಿ, ತಳಕ್ಕೆ ಸಟ್ಟುಗ ತಾಗಿಸದೆ ಮೇಲಿನ ಪಾಯಸವನ್ನೆಲ್ಲ ಬೇರೆ ಕೊಪ್ಪರಿಗೆಗೆ ಸುರಿಸಿದರು. ತಳದಲ್ಲಿ ಅಂಗೈಯಗಲ ಕಂದು ಕಲೆ, ಅಷ್ಟೇ. ಪಾಯಸ ಉಳಿಯಿತು.

ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ಬಂದರು. ಬೇಜಾರಾಯಿತೇನೋ ಅಂತ ನಾನು ಅಂಜುತ್ತಿದ್ದೆ. ಮುಖ ನೋಡಿದರೆ ಹಬ್ಬ.

"ಕೇಳಿಸ್ಕೊಂಡ್ಯೇನೇ? ಹೇಗೆ ಗದರಿಸಿಬಿಟ್ಟ ನನ್ನ!" ಅಂದರು. "ಇನ್ನು ನಾನು ಯಾವಾಗ ಬೇಕಾದ್ರೂ ಮನೇಲಿ ಕೂರಬಹುದು ಕಣೇ. ನಡೆಯುತ್ತೆ."

ಗಿರಾಕಿಗಳ ಪಂಕ್ತಿಯೆಲ್ಲ ಮುಗಿದ ಮೇಲೆ ನಮ್ಮವರ ಎಲೆ ಹಾಕಿದೆವು. ಚಿಕ್ಕಪ್ಪ ಗೋಡೆ ಪಕ್ಕ ಕೂತರು. ಆಚೆ ತುದಿಯಲ್ಲಿ ತರಕಾರಿಯಮ್ಮ. ಪಾಯಸ ನಾನೇ ಬಡಿಸಿದೆ. ಚಿಕ್ಕಪ್ಪ ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಸವಿದರು. ನಮ್ಮಲ್ಲಿ ಈಗ ರೂಢಿಯಾಗಿದೆಯಲ್ಲ, ಹಾಗೇ ಕೇಳಿದೆ.

"ಏನು ಕಮ್ಮಿ ಚಿಕ್ಕಪ್ಪ?"

ಅವರು ಯೋಚನೆ ಮಾಡಿದರು. "ಸಿಹಿ ಸರಿಯಾಗಿದೆ. ಹದ ಸರಿಯಾಗಿದೆ. ಏಲಕ್ಕಿ ಹಾಕಿದ್ದೀರೋ ಇಲ್ವೋ, ಅದೊಂದು ಗೊತ್ತಾಗಲಿಲ್ಲ."

"ಹಾಕಿದ್ದೀವಿ."

"ಘಮ ಬರ್ತಿದ್ಯಾ?"

"ಬರ್ತಿದೆ ಚಿಕ್ಕಪ್ಪ. ಚೆನ್ನಾಗಿ ಬರ್ತಿದೆ."

"ಹಾಗಾದ್ರೆ ಏನೂ ಕಮ್ಮಿ ಇಲ್ಲ. ಇನ್ನೊಂದು ಸೌಟು ಹಾಕು" ಅಂದರು.